ಬೇಸ್‌ಮೆಂಟಿನ ತೇವ

ಬ್ರೆಡ್ ಕಾರ್ಖಾನೆಯ ಪಾಳಿ ಮುಗಿಸಿ ಬಂದ ಶೈಲಜಾ ಬಾಗಿಲಲ್ಲೇ ಬೂಟು ಕಳಚಿದಳು. ಕೋಟು ಕಳಚಲಿಲ್ಲ. ಕೋಟು ತೆಗೆದು ಕುರ್ಚಿಯ ಮೇಲೆ ಒಮ್ಮೆ ಕೂತರೆ ಮತ್ತೆ ಏಳಲಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೇ ಮೊದಲು ಬೇಸ್‌ಮೆಂಟಿಗೆ ಇಳಿಯುವುದು, ಗಾಜಿನ ತೊಟ್ಟಿಯೊಳಗೆ ಅಂಟಿಸಿದ ಪುಟ್ಟ ಮಾಪಕ ನೋಡುವುದು, ಆಮೇಲೆ ಉಳಿದದ್ದು.

ಮಾಪಕದಲ್ಲಿ ಎರಡು ಅಂಕಿ ಕಾಣುತ್ತಿದ್ದವು. ಮೇಲಿನದು ಬಿಸಿಯದು, ಕೆಳಗಿನದು ಗಾಳಿಯಲ್ಲಿರುವ ತೇವದ್ದು. ಬಿಸಿ ಸರಿಯಿತ್ತು. ತೇವ ಶೇಕಡಾ ಇಪ್ಪತ್ತಕ್ಕೆ ಇಳಿದಿತ್ತು. ಐವತ್ತಕ್ಕಿಂತ ಕೆಳಗೆ ಬಿಡಬೇಡ ಎಂದು ಮಗಳು ಹೇಳಿಹೋಗಿದ್ದಳು. ಗೋಡೆಯಾಚೆ ಮನೆ ಬೆಚ್ಚಗಿಡುವ ಫರ್ನೇಸು ಗುಂಯ್‌ಗುಡುತ್ತಿತ್ತು. ಕೆನಡಾದ ಮಿಸಿಸಾಗಾದ ಜನವರಿಯಲ್ಲಿ ಅದನ್ನು ಆರಿಸಿ ಬದುಕುವಂತಿಲ್ಲ, ಅದು ಉರಿದಷ್ಟೂ ಮನೆಯ ಗಾಳಿ ಹಪ್ಪಳದಂತೆ ಒಣಗುತ್ತದೆ. ಕಂಬಳಿ ಎಳೆದರೆ ಕಿಡಿ ಹಾರುತ್ತದೆ, ಬಾಗಿಲ ಹಿಡಿಕೆ ಮುಟ್ಟಿದರೆ ಚುರುಕ್ಕೆನ್ನುತ್ತದೆ, ತುಟಿ ಬಿರಿಯುತ್ತದೆ. ಮನುಷ್ಯರಾದರೆ ವ್ಯಾಸಲೀನು ಹಚ್ಚಿಕೊಂಡು ಸುಮ್ಮನಾಗುತ್ತಾರೆ. ತೊಟ್ಟಿಯೊಳಗಿದ್ದದ್ದು ಹಾವು.

ಅದು ಆಫ್ರಿಕಾ ಮೂಲದ ಸಣ್ಣ ಜಾತಿಯ ಹೆಬ್ಬಾವು, ಚಾಚಿದರೆ ಆಳೆತ್ತಕ್ಕೆ ತುಸು ಕಡಿಮೆ. ಮೈಮೇಲೆ ಕಪ್ಪು ಪಟ್ಟೆ, ನಡುವೆ ಹದವಾಗಿ ಬೆಂದ ಬಿಸ್ಕತ್ತಿನ ಬಣ್ಣದ ಮಚ್ಚೆಗಳು. ಮಗಳು ಅದಕ್ಕೆ ಬಿಸ್ಕಿಟ್ ಎಂದು ಹೆಸರಿಟ್ಟಿದ್ದಳು. ಗಂಡ ಗುರುಪಾದ ‘ಕೆಳಗಿಂದು’ ಅನ್ನುತ್ತಿದ್ದ. ಶೈಲಜಾಳಿಗೆ ಅದು ‘ಅದು’, ಅಷ್ಟೇ.

ಈಗ ಅದರ ಕಣ್ಣು ಹಾಲುಬೆರೆಸಿದ ನೀಲಿಗೆ ತಿರುಗಿತ್ತು. ಪೊರೆ ಬಿಡುವ ಸೂಚನೆ. ಹಾವಿಗೆ ರೆಪ್ಪೆಯಿಲ್ಲ. ರೆಪ್ಪೆಯ ಬದಲು ಕಣ್ಣಿನ ಮೇಲೆ ಕನ್ನಡಕದ ಗಾಜಿನಂಥ ಪದರವಿರುತ್ತದೆ. ಮೈಮೇಲಿನ ಪೊರೆಯ ಜೊತೆ ಅದೂ ಕಳಚಿ ಬರಬೇಕು. ಗಾಳಿ ಒಣಗಿದ್ದರೆ ಪೊರೆ ತುಂಡುತುಂಡಾಗುತ್ತದೆ, ಕಣ್ಣಿನದು ಕಣ್ಣಿಗೇ ಅಂಟಿಕೊಳ್ಳುತ್ತದೆ. ಹಾಗೆ ಒಂದರ ಮೇಲೊಂದು ಅಂಟಿದರೆ ಹಾವು ಕುರುಡಾಗಬಹುದು. ಶೈಲಜಾ ನೀರಿನ ಸ್ಪ್ರೇ ಬಾಟಲಿ ಎತ್ತಿಕೊಂಡು ಗಾಜಿಗೆಲ್ಲ ಚಿಮುಕಿಸಿದಳು. ಅಂಕಿ ನಲವತ್ತಕ್ಕೆ ಏರಿತು. ಅವಳು ಮೇಲೆ ಹೋಗಿ ಅನ್ನಕ್ಕಿಟ್ಟು ಬರುವಷ್ಟರಲ್ಲಿ ಮತ್ತೆ ಇಪ್ಪತ್ತೈದಾಗಿತ್ತು.

ಹಾವು ಈ ಮನೆಗೆ ಬಂದದ್ದು ೧೯೯೮ರಲ್ಲಿ, ಮಗಳು ಸಾಹಿತ್ಯ ಹನ್ನೊಂದರ ಹುಡುಗಿಯಾಗಿದ್ದಾಗ. ಅವಳು ಕೇಳಿದ್ದು ನಾಯಿ. ಗುರುಪಾದನಿಗೆ ಆಸ್ತಮಾ. ನಾಯಿ ಬೇಡ, ಬೆಕ್ಕು ಬೇಡ, ಪುಕ್ಕ ಉದುರುತ್ತದೆಂದು ಹಕ್ಕಿಯೂ ಬೇಡ ಅಂದಾಯಿತು. ಮೀನು ತಂದರೆ ಅದು ಲೆಕ್ಕಕ್ಕಿಲ್ಲ ಎಂದು ಮಗಳು ಮುಖ ಊದಿಸಿದಳು. ಓಕ್‌ವಿಲ್‌ನ ಕಾರು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಗುರುಪಾದ ತರ್ಕದ ಮನುಷ್ಯ. ಕೂದಲೂ ಪುಕ್ಕವೂ ಇಲ್ಲದ ಪ್ರಾಣಿ ಯಾವುದೆಂದು ಅಂಗಡಿಯಲ್ಲಿ ವಿಚಾರಿಸಿ ತಾನೇ ಹಾವು ತಂದ, ತಂದ ದಿನದಿಂದ ಒಮ್ಮೆಯೂ ಮುಟ್ಟಲಿಲ್ಲ. ಮೂವತ್ತು ವರ್ಷ ಬದುಕುತ್ತದೆ ಎಂದು ಅಂಗಡಿಯವನು ಹೇಳಿದ್ದನ್ನು ವ್ಯಾಪಾರದ ಮಾತು ಅಂದುಕೊಂಡಿದ್ದ.

ಏಳು ವರ್ಷ ಸಾಹಿತ್ಯಳೇ ಎಲ್ಲ ನೋಡಿಕೊಂಡಳು. ಆಮೇಲೆ ಕಾಲೇಜಿನ ಮಾತು ಬಂತು. ಮನೆಯಿಂದ ಟ್ರೇನಿನಲ್ಲಿ ಓಡಾಡಬಹುದಾದ ವಿಶ್ವವಿದ್ಯಾಲಯದಲ್ಲೂ ಸೀಟು ಸಿಕ್ಕಿತ್ತು, ದೂರದ ಹ್ಯಾಲಿಫ್ಯಾಕ್ಸಿನಲ್ಲೂ ಸಿಕ್ಕಿತ್ತು. ಅವಳು ಹ್ಯಾಲಿಫ್ಯಾಕ್ಸ್ ಅಂದಳು, ಕಡಲಜೀವಿಗಳ ಓದು.

“ಅಷ್ಟು ದೂರ ಹೋಗಾಕ ನಾವೇನು ನಿನಗ ಭಾರ ಆಗೇವೇನು?” ಅಂದಿದ್ದಳು ಶೈಲಜಾ.

“ಯೂ ಲೆಫ್ಟ್ ಯುವರ್ ಮದರ್ ಟೂ,” ಅಂದಳು ಮಗಳು.

ಧಾರವಾಡದಲ್ಲಿ ಶೈಲಜಾಳ ತಾಯಿ ತೀರಿಕೊಂಡಾಗ ಅವಳಿಗೆ ಹೋಗಲು ಆಗಿರಲಿಲ್ಲ. ಮಗಳಿಗೆ ಅದು ಗೊತ್ತಿತ್ತು. ಆ ಮಾತಾದ ಮೇಲೆ ಇಬ್ಬರೂ ಅದನ್ನು ಮತ್ತೆ ಎತ್ತಲಿಲ್ಲ, ಬೇರೆ ಮಾತನ್ನೂ ಹೆಚ್ಚು ಆಡಲಿಲ್ಲ. ಹಾಸ್ಟೆಲಿನಲ್ಲಿ ಹಾವು ಇಡುವಂತಿರಲಿಲ್ಲ. ಹೊರಡುವ ದಿನ ಸಾಹಿತ್ಯ ತಾಯಿಯನ್ನು ಬೇಸ್‌ಮೆಂಟಿಗೆ ಕರೆದೊಯ್ದು, ತೊಟ್ಟಿಯ ಕೆಳಗಿನ ಹೀಟರಿನಿಂದ ಯಾವ ತುದಿ ಬೆಚ್ಚಗಿರಬೇಕು, ಯಾವ ತುದಿ ತಣ್ಣಗಿರಬೇಕು, ಅಂಗಡಿಯಿಂದ ತಂದ ಮಂಜುಗಟ್ಟಿದ ಇಲಿಯನ್ನು ಹೇಗೆ ಕರಗಿಸಬೇಕು ಎಂದು ಬ್ಯಾಂಕಿನವರು ಹೊಸ ನೌಕರನಿಗೆ ಹೇಳುವ ಹಾಗೆ ಹೇಳಿಕೊಟ್ಟಳು. ಮಾಂಸ ಮುಟ್ಟದ ಮನೆ. ಶೈಲಜಾ ಅದಕ್ಕೆಂದೇ ಬೇರೆ ಪಾತ್ರೆ, ಬೇರೆ ಇಕ್ಕಳ, ಬೇರೆ ಪುಟ್ಟ ಫ್ರೀಜರು ಮಾಡಿದಳು. ಮೊದಲ ಸಲ ಬಿಸಿನೀರಿನಲ್ಲಿ ಇಲಿ ತೇಲಿಸಿದ ದಿನ ಅವಳು ರಾತ್ರಿ ಉಣ್ಣಲಿಲ್ಲ. ನಾಲ್ಕನೆಯ ಸಲಕ್ಕೆ ಬೇಳೆ ನೆನೆಹಾಕಿದಷ್ಟೇ ಆಯಿತು.

ಭಾನುವಾರ ಮಧ್ಯಾಹ್ನ ಫೋನು ಬರುತ್ತಿತ್ತು.

“ಹ್ಯೂಮಿಡಿಟಿ ಎಷ್ಟ್ ಅದ?”

“ಐವತ್ತೈದು.”

“ಡಿಡ್ ಹಿ ಈಟ್?”

“ತಿಂತು.”

“ಓಕೆ. ಪೂಪ್?”

“ಆತು.”

“ಓಕೆ ಅಮ್ಮ. ಬೈ.”

ಅಪ್ಪನ ಹತ್ತಿರ ಹಾಕಿ ಆಟದ ಬಗ್ಗೆ ಒಂದೆರಡು ಮಾತು. ತಾಯಿಯ ಹತ್ತಿರ ಹಾವು. ಗೆಳತಿಯರು ಯಾರು, ಏನು ಉಣ್ಣುತ್ತಾಳೆ, ಚಳಿಗೆ ಕೋಟು ಸಾಕಾಗುತ್ತದೋ ಇಲ್ಲವೋ, ಇದೊಂದನ್ನೂ ಶೈಲಜಾ ಕೇಳಲು ಹೋಗಲಿಲ್ಲ. ಕೇಳಿದರೆ “ಐ ಹ್ಯಾವ್ ಟು ಗೋ” ಬರುತ್ತದೆಂದು ಒಂದೆರಡು ಸಲಕ್ಕೇ ಗೊತ್ತಾಗಿತ್ತು. ಹಾವಿನ ಸುದ್ದಿ ಇರುವತನಕ ಫೋನು ಬರುತ್ತದೆ, ಅದು ಸತ್ತರೆ ಫೋನೂ ನಿಲ್ಲುತ್ತದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ಅದು ದಿನಾ ನೆನಪಾಗುತ್ತಿತ್ತು.

ಆ ಜನವರಿಯ ಪೊರೆ ಕೆಟ್ಟಿತು. ಹಳೆಯ ಗೋಡೆಯ ಸುಣ್ಣದಂತೆ ಚಕ್ಕೆಚಕ್ಕೆಯಾಗಿ ಉದುರಿತು. ಟಾರ್ಚು ಹಿಡಿದು ನೋಡಿದರೆ ಬಲಗಣ್ಣಿನ ಮೇಲೆ ಸುಕ್ಕು.

“ಹರಳೆಣ್ಣಿ ಹಚ್ಚಿ ಉಗುರಿಂದ ಎಬ್ಬಿಸು,” ಅಂದ ಗುರುಪಾದ, ಮೆಟ್ಟಿಲ ಮೇಲಿನಿಂದಲೇ.

“ನೀವ ಬಂದು ಎಬ್ಬಸ್ರಿ.”

“ನಾ ಹೇಳೂದು ಹೇಳಿದೆ.”

ಭಾನುವಾರ ಸಾಹಿತ್ಯ ಗಾಬರಿಯಾದಳು. “ಅಮ್ಮ, ಡೋಂಟ್ ಪುಲ್ ಇಟ್. ಕಣ್ಣೇ ಕಿತ್ತು ಬರ್ತದ. ನೆಕ್ಸ್ಟ್ ಟೈಮ್ ಪೊರೆ ಸರಿಯಾಗಿ ಬಿಟ್ರೆ ಎರಡೂ ಒಟ್ಟಿಗೆ ಬರ್ತದೆ. ಹ್ಯೂಮಿಡಿಟಿ ಬೇಕು. ಪ್ಲೀಸ್.” ಆ ‘ಪ್ಲೀಸ್’ ಶೈಲಜಾಳ ಜೊತೆ ಪಾಳಿಗೆ ಹೋಯಿತು, ಬಂತು.

ಕಾರ್ಖಾನೆಯಲ್ಲಿ ಅವಳದು ಹಿಟ್ಟು ಉಬ್ಬುವ ಕೋಣೆಯ ಉಸ್ತುವಾರಿ. ಬೆಚ್ಚಗಿನ ಹಬೆ ತುಂಬಿದ ಆ ಕೋಣೆಯಲ್ಲಿ ಹಿಟ್ಟಿನ ಮುದ್ದೆಗಳು ತಟ್ಟೆಯ ಮೇಲೆ ಸಾಲಾಗಿ ಕೂತು ಉಬ್ಬುತ್ತವೆ. ಹಬೆಯ ಕೊಳವೆ ಕಟ್ಟಿಕೊಂಡರೆ ಹಿಟ್ಟಿನ ಮೇಲೆ ಒಣ ಸಿಪ್ಪೆ ಹುಟ್ಟುತ್ತದೆ, ಒಳಗೆ ಉಬ್ಬಲು ಜಾಗವಿಲ್ಲದೆ ಬ್ರೆಡ್ಡು ಪಕ್ಕದಲ್ಲಿ ಸೀಳುತ್ತದೆ. ಒಂದು ದಿನ ಹಾಗೇ ಆಯಿತು. ರಿಪೇರಿಯವನು ಬರುವತನಕ ಹಿಟ್ಟಿನ ತಟ್ಟೆಗಳ ಮೇಲೆ ಒದ್ದೆ ಬಟ್ಟೆ ಹೊದಿಸುತ್ತ ನಿಂತಿದ್ದವಳಿಗೆ, ತಾನು ಬೇಸ್‌ಮೆಂಟಿನ ಗಾಳಿಯನ್ನೆಲ್ಲ ತೋಯಿಸಲು ಹೋಗಿ ಸೋಲುತ್ತಿದ್ದೇನೆ ಅನ್ನಿಸಿತು. ಫರ್ನೇಸಿನ ಜೊತೆ ಜಿದ್ದು ಯಾಕೆ. ಹಾವಿಗೆ ಬೇಕಾದದ್ದು ಮುಚ್ಚಿದ ಒಂದು ಗೂಡು.

ಮನೆಯಲ್ಲಿ ಮೊಸರಿನ ಖಾಲಿ ಡಬ್ಬಿಗಳಿಗೆ ಬರವೇ? ಸಿಂಕಿನ ಕೆಳಗಿನ ಗೋಪುರದಿಂದ ಎಲ್ಲಕ್ಕಿಂತ ದೊಡ್ಡದನ್ನು ತೆಗೆದು, ಪಕ್ಕದಲ್ಲಿ ಹಾವಿನ ಮೈ ತೂರುವಷ್ಟು ತೂತು ಕೊರೆದು, ಅಂಚು ತರಚದಂತೆ ಮೇಣದಬತ್ತಿಯಲ್ಲಿ ಸವರಿದಳು. ಗಿಡದ ಅಂಗಡಿಯಿಂದ ಒಣಪಾಚಿ ತಂದು ನೆನೆಸಿ, ಅವಲಕ್ಕಿ ತೊಳೆದು ಹಿಂಡುವಷ್ಟೇ ಹಿಂಡಿ ಒಳಗೆ ತುಂಬಿದಳು. ಮುಚ್ಚಳ ಹಾಕಿ ತೊಟ್ಟಿಯ ಬೆಚ್ಚಗಿನ ತುದಿಯಲ್ಲಿಟ್ಟಳು. ಎರಡು ದಿನ ಹಾವು ಅದರತ್ತ ತಿರುಗಿಯೂ ನೋಡಲಿಲ್ಲ. ಆಮೇಲೊಂದು ಸಂಜೆ ಡಬ್ಬಿಯ ತೂತಿನಿಂದ ಮೂಗಿನ ತುದಿ ಮಾತ್ರ ಕಾಣುತ್ತಿತ್ತು.

ಮಾರ್ಚಿನಲ್ಲಿ ಪೊರೆ ಇಡಿಯಾಗಿ ಬಂತು, ಒಳಮೈ ಹೊರಗಾದ ಕಾಲುಚೀಲದ ಹಾಗೆ. ಶೈಲಜಾ ತಲೆಯ ಭಾಗವನ್ನು ದೀಪಕ್ಕೆ ಹಿಡಿದು ನೋಡಿದಳು. ಎರಡು ಪುಟ್ಟ ಗಾಜುಗಳಿದ್ದವು, ಬಲಗಣ್ಣಿನದು ಎರಡು ಪದರ.

“ಮೊಸರಿನ ಡಬ್ಬಿ?” ಅಂದಳು ಸಾಹಿತ್ಯ ಫೋನಿನಲ್ಲಿ. ಆಮೇಲೆ ನಕ್ಕಳು. ಮನೆ ಬಿಟ್ಟು ಹೋದ ಮೇಲೆ ಮೊದಲ ಸಲ. “ದಟ್ಸ್ ಸೋ ಯೂ, ಅಮ್ಮ.”

ಆ ಬೇಸಗೆಯಲ್ಲಿ ಗುರುಪಾದನ ತಾಯಿ ನಾಗವ್ವ ಬಂದರು. ಎಂಬತ್ತರ ಹತ್ತಿರದ ಜೀವ, ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಹೊಲ ಮಾಡಿಸಿದವರು. ಹಾವಿನ ವಿಷಯವನ್ನು ಮಗ ಎಂಟು ವರ್ಷದಿಂದ ಮುಚ್ಚಿಟ್ಟಿದ್ದ. ಬಂದ ವಾರದಲ್ಲೇ ಹಪ್ಪಳ ಒಣಗಿಸುವ ಜಾಗ ಹುಡುಕುತ್ತ ಬೇಸ್‌ಮೆಂಟಿಗೆ ಇಳಿದ ನಾಗವ್ವ ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ಶೈಲಜಾ ಹೋಗಿ ನೋಡಿದರೆ ತೊಟ್ಟಿಯ ಮುಂದೆ ಸೆರಗು ಹೊದ್ದು ಕೈಮುಗಿದು ನಿಂತಿದ್ದರು.

“ಎಷ್ಟು ದಿನಾತವಾ ಬಂದು?”

“ಎಂಟು ವರ್ಸ, ಅತ್ತಿ.”

“ತಾನಾಗೇ ಬಂತೇನು?”

“ಇವರು ಅಂಗಡ್ಯಾಗ ತಂದ್ರು.”

ನಾಗವ್ವ ಅದನ್ನು ಕೇಳಿಸಿಕೊಳ್ಳದವರಂತೆ ಇದ್ದರು. “ಏನ್ ತಿಂತೈತಿ?”

ಶೈಲಜಾ ತಡವರಿಸಿದಳು. “ಅದು... ಇಲಿ.”

“ಇಲಿ ತಿನ್ನದ ಹಾವು ಏನ್ ತಿಂತೈತಿ, ಉಪ್ಪಿಟ್ಟ? ಎಲ್ಲಿಂದ ಹಿಡದು ತರ್ತೀರಿ?”

“ಫ್ರೀಜರಿನಾಗ ಇರ್ತಾವು. ಬಿಸಿನೀರಾಗ ಹಾಕಿ ಕೊಡ್ತೀನಿ.”

ನಾಗವ್ವನ ಮುಖ ಆಗ ಬಾಡಿತು. “ನಾಗಪ್ಪಗ ತಂಗಳ ಹಾಕ್ತೀಯಲ್ಲವಾ.”

ಸುದ್ದಿ ಹೇಗೋ ಹೊರಬಿತ್ತು. ಸ್ಟ್ರೀಟ್ಸ್‌ವಿಲ್‌ನಲ್ಲಿದ್ದ ಮೈಸೂರಿನ ಊರ್ಮಿಳಾ ಫೋನು ಮಾಡಿದಳು. ಪಂಚಮಿ ಹತ್ತಿರ ಬಂದಿತ್ತು. “ಅಲ್ಲ ಶೈಲಜಾ, ನಿಮ್ಮನೇಲಿ ನಾಗಪ್ಪ ಇದೆಯಂತೆ, ಹೇಳ್ಲೇ ಇಲ್ವಲ್ರೀ. ನಾವು ಇಲ್ಲಿ ಬೆಳ್ಳಿ ನಾಗಪ್ಪಂಗೆ ಹಾಲು ಹಾಕ್ಕೊಂಡು ಕೂತಿದೀವಿ. ಹೆಡೆ ಇದೆಯಾ?”

“ಹೆಡಿ ಇಲ್ಲರೀ. ಅದು ಹೆಬ್ಬಾವು.”

“ಓ,” ಅಂದಳು ಊರ್ಮಿಳಾ. “ಹೆಬ್ಬಾವಿಗೆ ನಮ್ಮಲ್ಲಿ ಪೂಜೆ ಇಲ್ಲ ಕಣ್ರೀ.” ಫೋನು ಇಟ್ಟಳು.

ಮಾತು ಕೇಳಿಸಿಕೊಂಡ ನಾಗವ್ವ ಬತ್ತಿ ಹೊಸೆಯುತ್ತ ತೀರ್ಪು ಕೊಟ್ಟರು. “ಮಾವಿನ ಎಲಿ ಸಿಗೂದಿಲ್ಲಂತ ಬಾಗಲಿಗೆ ಪ್ಲಾಸ್ಟಿಕ್ ತೋರಣ ಕಟ್ಟೀರಿ. ಅದು ನಡೀತೈತಿ. ಜೀವಂತ ಕುಂತಾವ ನಡ್ಯಾಂಗಿಲ್ಲೇನು?”

ಶೈಲಜಾ ಒಂದೇ ಮಾತು ಬೇಡಿಕೊಂಡಳು. “ಅತ್ತಿ, ದೂರದಿಂದ ಕೈ ಮುಗೀರಿ. ಹಾಲು ಹಾಕಬ್ಯಾಡ್ರಿ. ಅದಕ್ಕ ಆಗಿಬರೂದಿಲ್ಲ.”

“ಆತು ಬಿಡ,” ಅಂದರು ನಾಗವ್ವ. ಅವರ ‘ಆತು ಬಿಡ’ಕ್ಕೆ ಎರಡು ಅರ್ಥವಿರುತ್ತಿತ್ತು. ಮದುವೆಯಾಗಿ ಇಪ್ಪತ್ತು ವರ್ಷ ಕಳೆದರೂ ಶೈಲಜಾಳಿಗೆ ಯಾವುದು ಯಾವಾಗ ಎಂದು ತಿಳಿದಿರಲಿಲ್ಲ.

ಆಗಸ್ಟಿನ ಮೊದಲ ಸೋಮವಾರ ಇಲ್ಲಿ ರಜೆ. ಅದಕ್ಕೆ ಮುಂಚಿನ ವಾರಗಳಲ್ಲಿ ಇಡೀ ಪ್ರಾಂತ್ಯವೇ ಹಿತ್ತಲಲ್ಲಿ ಒಲೆ ಹಚ್ಚಿ ಮಾಂಸ ಸುಡುತ್ತದೆ, ಅದಕ್ಕೆಲ್ಲ ಬನ್ನು ಬೇಕು. ಶೈಲಜಾ ಎರಡು ಪಾಳಿ ಸೇರಿಸಿ ದುಡಿಯುತ್ತಿದ್ದಳು. ಪಂಚಮಿ ಆ ಸಮಯದಲ್ಲೇ ಬಂತು. ಅಂದು ನಾಗವ್ವ ಮನೆಯಲ್ಲಿ ಒಲೆಯ ಮೇಲೆ ಹೆಂಚು ಇಡಗೊಡಲಿಲ್ಲ, ಬಾಣಲೆ ಇಡಗೊಡಲಿಲ್ಲ, ಚಾಕು ಹಿಡಿಯಗೊಡಲಿಲ್ಲ. ಆ ದಿನ ಕಾದ ಹೆಂಚು ನಾಗಪ್ಪನ ಹೆಡೆ ಸುಡುತ್ತದೆಂಬ ನಂಬಿಕೆ. ಕುದಿಸಿದ್ದು, ಎಳ್ಳುಂಡಿ, ಹಾಲು, ಇಷ್ಟೇ ಊಟ. ಶೈಲಜಾ ನಿಂತಲ್ಲೇ ಎರಡು ಉಂಡಿ ತಿಂದು ಕೆಲಸಕ್ಕೆ ಓಡಿದಳು. ಆ ದಿನವೂ ಮರುದಿನವೂ ಅವಳು ಬೇಸ್‌ಮೆಂಟಿಗೆ ಇಳಿಯಲಿಲ್ಲ. ಬೇಸಗೆಯಲ್ಲವೇ, ಗಾಳಿಯಲ್ಲಿ ತೇವಕ್ಕೇನು ಕಡಿಮೆ, ಮೊನ್ನೆಯಷ್ಟೇ ಇಲಿ ಕೊಟ್ಟಾಗಿದೆ ಎಂದು ಮನಸ್ಸಿಗೆ ಹೇಳಿಕೊಂಡಳು. ಕಾಲು ಬಾತಿದ್ದವು.

ಮೂರನೆಯ ದಿನ ಮೆಟ್ಟಿಲ ಮೇಲೇ ಹುಳಿ ವಾಸನೆ ಬಡಿಯಿತು. ತೊಟ್ಟಿಯ ಕೆಳಗಿನ ಹೀಟರಿನ ದೀಪ ಆರಿತ್ತು. ತಳದ ಹಾಸು ಹಾಲಿನಲ್ಲಿ ನೆನೆದು ಒಡೆದು ಗಟ್ಟಿಯಾಗಿತ್ತು, ಅದರ ಮೇಲೆ ಅರಿಸಿನ, ಎರಡು ಚೆಂಡುಹೂವು. ಮೂಲೆಯಲ್ಲಿ ಹಾವು ವಾಂತಿ ಮಾಡಿದ ಇಲಿ ಬಿದ್ದಿತ್ತು. ಹಾವು ತಲೆ ಮೇಲಕ್ಕೆತ್ತಿ ಬಾಯಿ ತುಸು ತೆರೆದು ಕೂತಿತ್ತು, ಉಸಿರಿಗೊಮ್ಮೆ ಸಿಳ್ಳಿನಂಥ ಸದ್ದು, ತುಟಿಯ ಅಂಚಿನಲ್ಲಿ ನೊರೆ. ಮುಟ್ಟಿದರೆ ಮೈ ನೆಲದಷ್ಟೇ ತಣ್ಣಗೆ. ಗುರುಪಾದನ ಆಸ್ತಮಾಕ್ಕೆಂದು ಬೇಸಗೆಯಿಡೀ ಏಸಿ ಓಡುತ್ತಿತ್ತು, ಆ ತಂಪೆಲ್ಲ ಬೇಸ್‌ಮೆಂಟಿನಲ್ಲೇ ಮಡುಗಟ್ಟುತ್ತಿತ್ತು.

ಪ್ಲಗ್ಗು ಕಿತ್ತು, ವೈರನ್ನು ಜಡೆಯ ಹಾಗೆ ಸುತ್ತಿ, ತೊಟ್ಟಿಯ ಪಕ್ಕದಲ್ಲಿ ಒಪ್ಪವಾಗಿ ಇಡಲಾಗಿತ್ತು.

“ನಾನ ಕಿತ್ತೆ,” ಅಂದರು ನಾಗವ್ವ, ಹಿಂದೆಯೇ ಇಳಿದುಬಂದು. “ಹೊಟ್ಟಿ ಕೆಳಗ ಹೆಂಚು ಇಟ್ಟಿದ್ರಿ. ವರ್ಸಕ್ಕೊಂದು ದಿನಾನೂ ತಂಪು ಮಾಡಬಾರದೇನವಾ? ಅಜ್ಜನ ಪಾಲು, ದೇವರ ಪಾಲು, ಗುರುನ ಪಾಲು, ಸಾಹಿತ್ಯನ ಪಾಲು, ನಿನ್ನ ಪಾಲು, ಎಲ್ಲಾರ ಪಾಲಿನ ಹಾಲೂ ಹಾಕೀನಿ.” ಆಮೇಲೆ ಹಾವಿನ ಬಾಯಿ ನೋಡಿದರು. “ಹಿಂಗ್ಯಾಕ ಮಾಡಾಕತ್ತೈತಿ?”

ಸಿಟ್ಟು ಮಾಡಲು ಬೇಕಾಗುವ ಶಕ್ತಿ ಶೈಲಜಾಳಲ್ಲಿ ಉಳಿದಿರಲಿಲ್ಲ. ಪ್ಲಗ್ಗು ಹಾಕಿದಳು. ಹಾಸು ಬಳಿದು ಎಸೆದಳು.

ಓಕ್‌ವಿಲ್‌ನಲ್ಲಿ ಇಂಥ ಪ್ರಾಣಿಗಳನ್ನು ನೋಡುವ ವೈದ್ಯೆ ಒಬ್ಬಳಿದ್ದಳು. ಶೈಲಜಾ ರಜೆ ಹಾಕಿ, ದಿಂಬಿನ ಚೀಲದಲ್ಲಿ ಹಾವನ್ನಿಟ್ಟು, ಕಾರಿನ ಹೀಟರು ಹಚ್ಚಿಕೊಂಡು ಬೆವರುತ್ತ ಹೋದಳು. ವೈದ್ಯೆ ಎಲ್ಲವನ್ನೂ ಕೇಳಿ, ಹಾಲಿನ ಮಾತು ಬಂದಾಗಲೂ ಹುಬ್ಬೇರಿಸಲಿಲ್ಲ. ಶ್ವಾಸಕೋಶಕ್ಕೆ ಸೋಂಕು ತಗುಲಿದೆ, ಉಳಿಯಬಹುದು, ಉಳಿಯದೆಯೂ ಇರಬಹುದು ಅಂದಳು. ಮೂರು ದಿನಕ್ಕೊಮ್ಮೆ ಚುಚ್ಚುಮದ್ದು, ಒಂದು ತಿಂಗಳು. ಮನೆಯಲ್ಲೇ ಕೊಡಬಹುದು. ಕಿತ್ತಳೆ ಹಣ್ಣಿಗೆ ಚುಚ್ಚಿಸಿ ಕಲಿಸಿಕೊಟ್ಟಳು.

“ಸಾಹಿತ್ಯಗ ಹೇಳಬ್ಯಾಡ,” ಅಂದ ಗುರುಪಾದ ಶನಿವಾರ. “ಆರಾಮಾದ ಮ್ಯಾಲೆ ಹೇಳಿದ್ರಾತು. ಆಗಲಿಲ್ಲಂದ್ರ... ನೋಡೂಣಂತ.”

ಶೈಲಜಾ ರಾತ್ರಿಯೆಲ್ಲ ಅದನ್ನೇ ಯೋಚಿಸಿದಳು. ತೇವ ಐವತ್ತೈದು, ತಿಂತು, ಆತು, ಬೈ. ಹೇಳುವುದು ಸುಲಭವಿತ್ತು. ಆದರೆ ಫೋನಿನಲ್ಲಿ ಇದ್ದದ್ದೇ ಅಷ್ಟು, ಅದೂ ಸುಳ್ಳಾದರೆ ಏನು ಉಳಿಯಿತು.

ಭಾನುವಾರ ಫೋನು ಬಂತು.

“ಹ್ಯೂಮಿಡಿಟಿ ಎಷ್ಟ್ ಅದ?”

“ಸಾಹಿತ್ಯ, ಅದಕ್ಕ ಆರಾಮಿಲ್ಲ.” ಶೈಲಜಾ ಹೇಳಿದಳು. ಹೀಟರು ಆರಿತ್ತು, ಹಾಸು ಒದ್ದೆಯಾಗಿತ್ತು, ಸೋಂಕು ತಗುಲಿದೆ, ಚುಚ್ಚುಮದ್ದು ಶುರುವಾಗಿದೆ.

“ಹೂ ಟರ್ನ್ಡ್ ಇಟ್ ಆಫ್?”

“ನಾ ನೋಡಲಿಲ್ಲ. ಎರಡು ದಿನ ಕೆಳಗ ಇಳೀಲೇ ಇಲ್ಲ ನಾನು.”

ಎದುರಿನ ಸೋಫಾದಲ್ಲಿದ್ದ ನಾಗವ್ವನಿಗೆ ಅರ್ಥವಾಗಿತ್ತು. ಎದ್ದು ಬಂದು ಫೋನು ಕಸಿದುಕೊಂಡರು. “ನಾನ ಆರಿಸಿದ್ದು. ಬೈಯೂದಿದ್ರ ನನಗ ಬೈಯಿ. ನಿಮ್ಮವ್ವ ಸತ್ತು ಸುಣ್ಣ ಆಗ್ಯಾಳ.”

ಸಾಹಿತ್ಯ ಬೈಯಲಿಲ್ಲ. ಅಜ್ಜಿಗೆ ಇಂಗ್ಲಿಷು ಬಾರದು. ತನ್ನ ಮುರುಕು ಕನ್ನಡವನ್ನೆಲ್ಲ ಒಟ್ಟು ಮಾಡಿ, ಒಂದೊಂದೇ ಪದ ಇಟ್ಟು ಹೇಳುತ್ತಿದ್ದದ್ದು ಪಕ್ಕದಲ್ಲಿದ್ದ ಶೈಲಜಾಳಿಗೂ ಕೇಳುತ್ತಿತ್ತು. “ಅಜ್ಜಿ, ಅವನಿಗೆ... ಒಳಗೆ ಬಿಸಿ ಇಲ್ಲ. ನಮಗೆ ಇದೆ. ಅವನು ಹೊರಗಿಂದ ತಗೋಬೇಕು. ಇಲ್ಲಾಂದ್ರೆ ಹೊಟ್ಟೇಲಿ ಊಟ... ಕುಕ್ ಆಗಲ್ಲ. ಕೊಳೀತದೆ.”

“ಅಂದ್ರ ನಮ್ಮ ಒಲಿ ಹೊಟ್ಟ್ಯಾಗ, ಅವನ ಒಲಿ ಹೊರಗ,” ಅಂದರು ನಾಗವ್ವ. “ಪಂಚಮಿ ದಿನ ನಾ ಅವನ ಒಲಿ ಆರಿಸಿದೆ. ಹೌದನವಾ?”

“ಹೌದು ಅಜ್ಜಿ.”

ನಾಗವ್ವ ಫೋನನ್ನು ಸೊಸೆಯ ಕೈಗಿಟ್ಟು ದೇವರ ಕೋಣೆಗೆ ಹೋದರು. ಶೈಲಜಾ ಕಿವಿಗೆ ಹಿಡಿದಾಗ ಮಗಳು ಇನ್ನೂ ಇದ್ದಳು.

“ಅಮ್ಮ, ಯಾರು ಹಿಡ್ಕೋತಾರೆ? ಇಂಜೆಕ್ಷನ್ ಕೊಡುವಾಗ?”

“ಮೊದಲನೇದು ಡಾಕ್ಟರ್ ಕೊಟ್ಟಾಳ. ಇನ್ನ ಮುಂದ... ನೋಡಬೇಕು.”

ಹಿಡಿದವರು ನಾಗವ್ವ. ಗುರುಪಾದ ಮೆಟ್ಟಿಲ ಅರ್ಧಕ್ಕೆ ಬಂದು ನಿಂತುಬಿಟ್ಟಿದ್ದ. ನಾಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೂಲಿನ ಮೇಲೆ ಕೂತರು. ಅದು ಕರುವಿನ ಕುತ್ತಿಗೆ ಹಿಡಿದು ರೂಢಿಯಿದ್ದ ಕೈ. ಹಾವನ್ನು ತೊಡೆಯ ಮೇಲೆ ಹರಡಿ, ತಲೆಯ ಹಿಂದೆ ಒಂದು ಕೈ, ನಡುವಿಗೆ ಇನ್ನೊಂದು ಕೈ ಇಟ್ಟರು. “ಸುಮ್ಕಿರಪಾ. ನಿನ್ನ ಛಲೋದಕ್ಕ ಮಾಡಾಕತ್ತೇವಿ. ಸೊಸಿ ಚುಚ್ಚತಾಳ, ನನ್ನ ಮ್ಯಾಲೆ ಸಿಟ್ಟಿಗೇಳಬ್ಯಾಡ.” ಆಮೇಲೆ ಶೈಲಜಾಳಿಗೆ, “ಲಗೂ ಮಾಡು. ದೇವರ ಕುತ್ತಿಗಿ ಎಷ್ಟೊತ್ತು ಹಿಡೀಲಿ?”

ಸೋಮವಾರ ಫೋನು ಬಂತು. ಸೋಮವಾರ ಎಂದೂ ಬಂದದ್ದಿರಲಿಲ್ಲ. ಬುಧವಾರ ಬಂತು. ಉಸಿರಿನ ಸದ್ದು ಹೇಗಿದೆ, ಫೋನನ್ನು ತೊಟ್ಟಿಯ ಹತ್ತಿರ ಹಿಡಿ ಅಂದಳು. ಶೈಲಜಾ ಹಿಡಿದಳು. ಇಬ್ಬರೂ ಹಾವಿನ ಉಸಿರು ಕೇಳುತ್ತ ಕೂತರು. ಒಂದು ದಿನ ಹೇಳುವುದೆಲ್ಲ ಮುಗಿದ ಮೇಲೆ ಸಾಹಿತ್ಯ, “ಯೂ ಸೌಂಡ್ ಟಯರ್ಡ್,” ಅಂದಳು.

“ಬನ್ನಿನ ಸೀಸನ್ನು,” ಅಂದಳು ಶೈಲಜಾ.

“ಐ ನೋ. ನನಗೆ ನೆನಪಿದೆ. ನಿನ್ನ ಕೂದಲೆಲ್ಲ ಈಸ್ಟ್ ವಾಸನೆ.”

ಶೈಲಜಾ ತೇವದ ಅಂಕಿ ಓದಿ ಹೇಳಿದಳು.

ಹಾವು ಉಳಿಯಿತು. ಅಕ್ಟೋಬರಿನಲ್ಲಿ ಮೊಸರಿನ ಡಬ್ಬಿಯೊಳಗೆ ಪೊರೆ ಬಿಟ್ಟಿತು. ಊರಿಗೆ ಹೊರಟ ನಾಗವ್ವ ಆ ಪೊರೆಯನ್ನು ಮಡಚಿ, ರೇಷ್ಮೆ ಸೀರೆಯ ನಡುವೆ ಇಟ್ಟುಕೊಂಡರು. ಟ್ರಂಕಿನಲ್ಲಿದ್ದರೆ ಒಳ್ಳೆಯದಂತೆ. ಕಸ್ಟಮ್ಸಿನವರು ಕೇಳಿದರೆ ಏನು ಹೇಳುತ್ತೀ ಎಂದು ಮಗ ಕೇಳಿದ. “ಮೊಮ್ಮಗಂದು ಅಂತೀನಿ,” ಅಂದರು.

ಆಮೇಲಿನ ವರ್ಷಗಳಲ್ಲಿ ಭಾನುವಾರದ ಫೋನು ಸ್ವಲ್ಪ ಉದ್ದವಾಯಿತು, ಬಹಳವೇನಲ್ಲ. ಓದು ಮುಗಿಸಿದ ಸಾಹಿತ್ಯ ನದಿನೀರು ಪರೀಕ್ಷಿಸುವ ಕೆಲಸ ಹಿಡಿದು ಕ್ಯಾಲ್ಗರಿಗೆ ಹೋದಳು. ಅಲ್ಲಿ ಮನೆ ಮಾಡಿದಳು. ೨೦೧೦ರ ಮೇ ತಿಂಗಳಲ್ಲಿ, ಚಳಿ ಹೋಗಿ ಸೆಕೆ ಬಾರದ ಒಂದು ವಾರ ನೋಡಿ, ಬಿಸ್ಕಿಟ್‌ನನ್ನು ಕಳಿಸು ಅಂದಳು. ಶೈಲಜಾ ಬಟ್ಟೆಯ ಚೀಲದಲ್ಲಿ ಹಾವು, ಥರ್ಮೊಕೋಲಿನ ಪೆಟ್ಟಿಗೆಯಲ್ಲಿ ಚೀಲ ಇಟ್ಟು, ವಿಮಾನ ನಿಲ್ದಾಣದ ಸರಕು ವಿಭಾಗಕ್ಕೆ ಒಯ್ದು ಕೊಟ್ಟಳು. ಮೊಸರಿನ ಡಬ್ಬಿಯನ್ನೂ ಕಳಿಸಬೇಕೆಂದಿದ್ದಳು. ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ.

ಹಿಂತಿರುಗಿ ಬಂದು ನೋಡಿದರೆ ಖಾಲಿ ತೊಟ್ಟಿಯಲ್ಲಿ ಮಾಪಕ ಇನ್ನೂ ಅಂಕಿ ತೋರಿಸುತ್ತಿತ್ತು. ಗುರುಪಾದ ತೊಟ್ಟಿಯನ್ನು ಗರಾಜಿಗೆ ಸಾಗಿಸಿದ. “ಇನ್ನರ ಆರಾಮ ಇರು,” ಅಂದ. ಆರಾಮವೇ ಇತ್ತು. ಹಾವು ಹೋದ ಮೇಲೆ ಕೆಲವು ವಾರ ಫೋನು ಬಂತು, ಅದು ತಲುಪಿತು, ತಿಂದಿತು. ಆಮೇಲೆ ಕೇಳಲು ಮಗಳ ಹತ್ತಿರ ಏನೂ ಇರಲಿಲ್ಲ, ಹೇಳಲು ತಾಯಿಯ ಹತ್ತಿರ ಏನೂ ಇರಲಿಲ್ಲ. ಕೆಲವು ಭಾನುವಾರ ಫೋನು ಬಂತು, ಕೆಲವು ಬರಲಿಲ್ಲ. ಶೈಲಜಾಳಿಗೆ ಇದು ಮೊದಲೇ ಗೊತ್ತಿದ್ದದ್ದು. ಹಾವು ಸಾಯಬೇಕಾಗಿರಲಿಲ್ಲ, ಹೋದರೂ ಸಾಕಾಗಿತ್ತು. ಪಾಳಿಯಿಂದ ಬಂದು ಬೂಟು ಕಳಚಿದ ಮೇಲೆ ಕಾಲು ತಾನಾಗಿ ಬೇಸ್‌ಮೆಂಟಿನ ಬಾಗಿಲತ್ತ ಹೋಗುತ್ತಿತ್ತು. ಅಲ್ಲಿ ನಿಂತು ಕೋಟು ಕಳಚುತ್ತಿದ್ದಳು.

ಮರುವರ್ಷದ ಜನವರಿಯ ಒಂದು ಬುಧವಾರ ಸಂಜೆ, ಅವಳು ಹಾಗೆ ಕೋಟಿನ ಗುಂಡಿಗೆ ಕೈ ಹಾಕಿದ್ದಾಗ ಫೋನು ಹೊಡೆದುಕೊಂಡಿತು.

“ಅಮ್ಮ. ಇಟ್ಸ್ ಫೋರ್ಟೀನ್ ಪರ್ಸೆಂಟ್ ಹಿಯರ್.” ಸಾಹಿತ್ಯಳ ದನಿ ಸಣ್ಣದಾಗಿತ್ತು. “ಹ್ಯೂಮಿಡಿಫೈಯರ್ ತಂದೆ, ಏನೂ ಆಗ್ತಿಲ್ಲ. ಪೊರೆ ಪೀಸ್ ಪೀಸ್ ಆಗಿ ಬಂತು. ಕಣ್ಣಿಗೆ ಅಂಟಿದೆ, ಬೋತ್ ಐಸ್. ಐ ಡೋಂಟ್ ನೋ ವಾಟ್ ಟು ಡೂ.”

“ಎಳದಿಯೇನು?”

“ಇಲ್ಲ.”

“ಛಲೋ ಮಾಡಿದಿ. ಎಳೀಬ್ಯಾಡ.” ಶೈಲಜಾ ಬೇಸ್‌ಮೆಂಟಿನ ಮೊದಲ ಮೆಟ್ಟಿಲ ಮೇಲೆ ಕೂತಳು. “ಮೊಸರು ತರ್ತೀಯೇನು?”

“ವಾಟ್?”

“ಮನ್ಯಾಗ ಮೊಸರಿನ ಡಬ್ಬಿ ಐತೇನು, ದೊಡ್ಡದು?”

“...ಸಣ್ಣ ಸಣ್ಣ ಕಪ್ ಇದೆ. ಸ್ಟ್ರಾಬೆರಿ.”

“ಅದು ಮೊಸರಲ್ಲ. ನಾಳಿ ದೊಡ್ಡದು ತಾ. ಪಾಚಿ ಹ್ಯಾಂಗ ಹಿಂಡೂದು ಆಮ್ಯಾಲೆ ಹೇಳ್ತೀನಿ. ಇವತ್ತಿಗೆ ಒಂದು ಟವೆಲು ತಗೋ. ಉಗುರುಬೆಚ್ಚನ ನೀರಾಗ ಅದ್ದಿ ಹಿಂಡು. ಕೂಸಿನ ಸ್ನಾನದ ನೀರಿನಷ್ಟು ಬೆಚ್ಚಗ, ಜಾಸ್ತಿ ಬ್ಯಾಡ. ಅದರಾಗ ಅವನನ್ನ ಸುತ್ತಿ, ತಾನಾಗಿ ನುಸುಳಿ ಬರಾಕ ಬಿಡು. ಅವಸರ ಮಾಡಬ್ಯಾಡ.”

“ಎಷ್ಟ್ ಹೊತ್ತು?”

“ಅವಗ ಬೇಕಾದಷ್ಟು.”

“ಓಕೆ. ವೇಯ್ಟ್. ಫೋನ್ ಇಡಬೇಡ. ಇಲ್ಲೇ ಟೇಬಲ್ ಮೇಲೆ ಇಡ್ತೀನಿ.”

“ಇಡೂದಿಲ್ಲ.”

ಫೋನು ಮೇಜಿನ ಮೇಲೆ ಕೂತ ಸದ್ದು ಕೇಳಿತು. ದೂರದಲ್ಲಿ ನಲ್ಲಿ ತೆರೆಯಿತು. ನೀರು ಬೀಳುತ್ತಿತ್ತು, ನಿಂತಿತು, ಮತ್ತೆ ಬಿತ್ತು. ಹದ ಸಿಗುತ್ತಿಲ್ಲ, ಬೆರೆಸುತ್ತಿದ್ದಾಳೆ. ಅಡುಗೆಮನೆಯಿಂದ ಗುರುಪಾದ ಯಾರು ಎಂದು ಕೇಳಿದ. ಶೈಲಜಾ ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದಳು. ಕಾಲು ನೋಯುತ್ತಿದ್ದವು. ಕೋಟು ಮೈಮೇಲೇ ಇತ್ತು. ತಲೆಯನ್ನು ಗೋಡೆಗೆ ಒರಗಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು, ಅವಳು ನೀರಿನ ಸದ್ದು ಕೇಳುತ್ತ ಕೂತಳು.